ಅಮ್ಮನ ಇರುವೆಗಳಿಗೆ ಅನುಮತಿ

ನುಗ್ಗೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಕೈಗೆ ಕೆಲಸ ಕೊಟ್ಟು ಮನಸ್ಸಿಗೆ ರಜೆ ಕೊಡುವ ಕೆಲಸ ಅಂದರೆ ಇದೊಂದೇ. ಎಲೆ ಇತ್ತ, ಕಡ್ಡಿ ಅತ್ತ, ಮನಸ್ಸು ಎಲ್ಲಿಗೆ ಬೇಕಾದರೂ. ಆ ಹೊತ್ತಿಗೆ ನನ್ನ ಮನಸ್ಸು ಒಂದು ಸೀರೆ ಉಟ್ಟುಕೊಂಡು, ಮದುಮಗಳಾಗಿ, ಹಾರ ಹಾಕಿಸಿಕೊಳ್ಳಲು ಕತ್ತು ಬಗ್ಗಿಸಿ ನಿಂತಿತ್ತು. ಅಷ್ಟರಲ್ಲಿ ಉಡುಮಲೈಪೇಟೆ ಪಕ್ಕದ ನಮ್ಮ ತವರಿನಿಂದ ತಮ್ಮ ರಾಮಲಿಂಗ ಫೋನು ಮಾಡಿದ.

"ಅಕ್ಕಾ, ಅಮ್ಮನ ಇರುವೆ ತೆರೆಯಲ್ಲ ಅಂತದೆ."

"ತೆರೆಯಲ್ಲ ಅಂದ್ರೆ?"

"ಕಂಪ್ಯೂಟರು ಬಿಡಲ್ಲ ಅಕ್ಕಾ. ಲೈಸೆನ್ಸು ಮುಗಿದುಹೋಯ್ತಂತೆ."

ಲೈಸೆನ್ಸು ಅಂದರೆ ಗಾಡಿ ಓಡಿಸುವವರಿಗೆ ಇರುವಂಥದ್ದು ಎಂದು ಮಾತ್ರ ತಿಳಿದಿದ್ದವಳು ನಾನು. "ಇರುವೆಗೆ ಯಾಕೋ ಲೈಸೆನ್ಸು?" ಎಂದೆ. ಅವನು ನಗಲಿಲ್ಲ. ನಮ್ಮ ರಾಮಲಿಂಗ ನಗದಿದ್ದರೆ ವಿಷಯ ದೊಡ್ಡದೇ. ಕಡ್ಡಿಗಳನ್ನು ಎಲೆಯ ಕಡೆ ಹಾಕಿ, ಎಲೆಗಳನ್ನು ಕಡ್ಡಿಯ ಕಡೆ ಹಾಕಿ, ಆ ದಿನದ ಸೊಪ್ಪನ್ನು ಎರಡು ಸಲ ಬಿಡಿಸಿದೆ.

ಇರುವೆಯ ಕಥೆ ಹೇಳಿಬಿಡುತ್ತೇನೆ. ನಾವು ನೇಯುವ ಜನ. ಎಷ್ಟು ತಲೆಮಾರಿನ ಹಿಂದೆ ತಮಿಳು ಸೀಮೆಯ ಈ ಕೊಂಗುನಾಡಿಗೆ ಬಂದೆವೋ ಯಾರಿಗೂ ಗೊತ್ತಿಲ್ಲ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಅದನ್ನು ಕನ್ನಡ ಎಂದು ಒಪ್ಪಿಕೊಳ್ಳಲು ಕರ್ನಾಟಕದವರು ಸ್ವಲ್ಪ ಯೋಚನೆ ಮಾಡುತ್ತಾರೆ, ಅದು ಬೇರೆ ಮಾತು. ನನ್ನ ಅಮ್ಮ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಒಂದು ಬೆಳಗ್ಗೆ ಬಾಗಿಲಲ್ಲಿ ಅಕ್ಕಿಹಿಟ್ಟಿನ ಕೋಲ, ಅಂದರೆ ರಂಗೋಲಿ, ಹಾಕಿ ನೀರು ತರಲು ಹೋದವಳು ಬಂದು ನೋಡಿದರೆ, ಇರುವೆಗಳು ಸಾಲುಗಟ್ಟಿ ಕೋಲವನ್ನು ಹೊತ್ತುಕೊಂಡು ಹೊರಟಿದ್ದವು. ಬೇರೆ ಯಾರಾದರೂ ಇರುವೆಗೆ ದಾನ ಆಯಿತು, ಪುಣ್ಯ ಬಂತು ಎಂದು ಒಳಗೆ ಹೋಗುತ್ತಿದ್ದರು. ಅಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳಂತೆ. ಆಮೇಲೆ ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಒಂದು ಸೀರೆಯಂಚು ಬರೆದಳು: ಬರಿಗೈಯ ಇರುವೆಗಳ ಸಾಲು, ನಡುನಡುವೆ ಕಾಳು ಹೊತ್ತ ಒಂದು ಇರುವೆ, ಎಲ್ಲೋ ಒಂದು ಕಡೆ ಹಿಂದಿರುಗಿ ನಿಂತ ಒಂದು. "ಇದ್ಯಾಕಮ್ಮ ತಿರುಗಿ ನಿಂತದೆ?" ಅಂದರೆ, "ಮನೇಲಿ ಒಲೆ ಆರಿಸಿದ್ನೋ ಇಲ್ವೋ ಅಂತ ಯೋಚನೆ ಅದಕ್ಕೆ" ಅನ್ನುತ್ತಿದ್ದಳು.

ನನ್ನ ಮದುವೆಗೆ ಆ ಅಂಚಿನ ಸೀರೆಯನ್ನೇ ನೇಯ್ದಳು. ನಮ್ಮ ಮನೆಯ ಪದ್ಧತಿ ಏನೆಂದರೆ, ಧಾರೆ ಸೀರೆಯನ್ನು ಊಟ ಮುಗಿದ ಮೇಲೆ ಮಡಿಸಿ ಚೌಡೇಶ್ವರಿ ಅಮ್ಮನಿಗೆ ಒಪ್ಪಿಸಬೇಕು. ಮುಹೂರ್ತದಿಂದ ಪಾಯಸದವರೆಗೆ ನಾನು ಅದನ್ನು ಉಟ್ಟೆ. ಆಮೇಲೆ ಅದು ದೇವಿಯದು. ದೇವಿಯ ಮೇಲೆ ಹೊಟ್ಟೆಕಿಚ್ಚು ಪಡಬಾರದು, ನಾನು ಪಟ್ಟಿಲ್ಲ. ಅವಳ ಮೇಲೆ ಅದು ಹೇಗೆ ಕಾಣುತ್ತದೆ ಎಂದು ನೋಡಲು ಮಾತ್ರ ಸ್ವಲ್ಪ ಜಾಸ್ತಿಯೇ ಗುಡಿಗೆ ಹೋಗುತ್ತಿದ್ದೆ. ಜನ ನನ್ನ ಭಕ್ತಿಯನ್ನು ಹೊಗಳಿದರು. "ಇನ್ನೊಂದು ನೇಯ್ದು ಕೊಡ್ತೀನಿ ಬಿಡು ಕಣ್ಣು" ಎಂದಳು ಅಮ್ಮ, ತಮಿಳರ ಹಾಗೆ ಮುದ್ದಿಗೆ ಕಣ್ಣು ಎಂದು ಕರೆದು. ಆಮೇಲೆ ಅವಳ ಮಂಡಿ ಹೋಯಿತು, ಗುಂಡಿಮಗ್ಗ ಮುಚ್ಚಿತು, ಆ ಜಾಗದಲ್ಲಿ ಪವರ್‌ಲೂಮು ಕೂತಿತು, ಅಮ್ಮನೂ ಹೋದಳು. ಇನ್ನೊಂದು ಸೀರೆ ಮಾತಿನಲ್ಲೇ ಉಳಿಯಿತು.

ರಾಮಲಿಂಗ ಕಂಪ್ಯೂಟರು ಮಗ್ಗ ತಂದಾಗ ಮಾಡಿದ ಮೊದಲ ಒಳ್ಳೆಯ ಕೆಲಸ, ಗೆದ್ದಲು ತಿನ್ನುತ್ತಿದ್ದ ಅಮ್ಮನ ಕಾಗದವನ್ನು ಅದರೊಳಗೆ ಏರಿಸಿದ್ದು. ಎರಡನೆಯ ಕೆಲಸ, ಮಗ್ಗಕ್ಕೆ ಆ ಅಂಚನ್ನು ಹೇಳಿಕೊಡುತ್ತಿದ್ದ, ತೂತು ಹೊಡೆದ ರಟ್ಟುಗಳ ಸರವನ್ನು, ಮಿಕ್ಕಿದ್ದ ಕಾಗದದ ಸಮೇತ, ಭೋಗಿ ಹಬ್ಬದ ಬೆಂಕಿಗೆ ಹಾಕಿದ್ದು. ಹಳೆಯದನ್ನೆಲ್ಲ ಸುಡುವ ಹಬ್ಬ ತಾನೆ ಅದು. "ಎಲ್ಲಾ ಕಂಪ್ಯೂಟರಲ್ಲಿ ಭದ್ರವಾಗಿದೆ" ಅಂದ. ರಟ್ಟು ಚೆನ್ನಾಗಿ ಉರಿಯುತ್ತದೆ. ನಾವೆಲ್ಲ ಸುತ್ತ ನಿಂತು ಕೈ ಕಾಯಿಸಿಕೊಂಡೆವು.

ಈಗ ಇರುವೆ ಯಾಕೆ ಬೇಕಾಯಿತೆಂದರೆ, ನಮ್ಮವರಿಗೆ ಅರವತ್ತು ತುಂಬುತ್ತಿದೆ. ಈ ಕಡೆ ಅದಕ್ಕೆ ಅರುವತ್ತಾಂ ಕಲ್ಯಾಣ ಅನ್ನುತ್ತಾರೆ. ಗಂಡ ಹೆಂಡತಿಗೆ ಮತ್ತೆ ಮದುವೆ, ಮತ್ತೆ ತಾಳಿ, ಮತ್ತೆ ಹೊಸ ಸೀರೆ. ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ನಟ್ಟು ಬಿಗಿದ ಮನುಷ್ಯ, ಈ ಮದುವೆಗೆ ನನಗಿಂತ ಉತ್ಸಾಹ ಅವರಿಗೆ. ನಾನು ಕೇಳಿದ್ದು ಒಂದೇ. ಅಮ್ಮನ ಅಂಚಿನ ಸೀರೆ. ಪಾಯಸದ ಆಚೆಗೂ ಉಡುವುದಕ್ಕೆ.

ಸಂಜೆ ನಮ್ಮವರಿಗೆ ವಿಷಯ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ವಿವರಿಸಿದರು. ಸಾಫ್ಟ್‌ವೇರು ಎನ್ನುವುದನ್ನು ನಾವು ಕೊಳ್ಳುವುದಿಲ್ಲವಂತೆ. ಬಳಸಲು ಅನುಮತಿ ಪಡೆಯುತ್ತೇವಂತೆ. ಅನುಮತಿ ಮುಗಿದರೆ ಕಂಪ್ಯೂಟರು ನಮ್ಮದು, ಕುರ್ಚಿ ನಮ್ಮದು, ಕರೆಂಟು ನಮ್ಮದು, ಇರುವೆಯೂ ನಮ್ಮದು, ಬಾಗಿಲು ಮಾತ್ರ ಅವರದು.

"ಇದನ್ನ ಮೊದಲೇ ಹೇಳಬಾರದಾ ಅವರು?"

"ಹೇಳಿರ್ತಾರೆ. ಉದ್ದಕ್ಕೆ ಬರೆದು ಕೆಳಗಡೆ 'ಒಪ್ಪಿದ್ದೇನೆ' ಅಂತ ಒಂದು ಗುಂಡಿ ಇಟ್ಟಿರ್ತಾರೆ. ನಿನ್ನ ತಮ್ಮ ಓದದೆ ಒತ್ತಿರ್ತಾನೆ."

"ಓದದೆ ಯಾರಾದರೂ ಒಪ್ಪುತ್ತಾರಾ?"

"ನೀನು ಒಪ್ಪಲಿಲ್ಲವಾ?" ಎಂದು ತಮ್ಮದೇ ಎದೆ ಮುಟ್ಟಿ ತೋರಿಸಿದರು. "ಈ ಸಲವಾದರೂ ಪೂರ್ತಿ ಓದಿ ಒಪ್ಕೋ ತಾಯಿ. ಆಮೇಲೆ ನನ್ನ ಮೇಲೆ ಕಂಪ್ಲೇಂಟು ಬೇಡ."

ಇದನ್ನು ಹೀಗೆ ಧೈರ್ಯವಾಗಿ ಬರೆಯುತ್ತಿದ್ದೇನೆಂದರೆ ಕಾರಣವಿದೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವವಳು ನಾನೊಬ್ಬಳೇ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವ ಅಕ್ಷರ ಕಲಿಸಿದ. ಗಂಡನ ಬಗ್ಗೆ ಏನು ಬರೆದು ಮೇಜಿನ ಮೇಲೆ ಬಿಟ್ಟರೂ ಅವರು ಅದರ ಮೇಲೆ ಕಾಫಿ ಲೋಟ ಇಡುತ್ತಾರೆ, ಅಷ್ಟೇ. ದೇವಿ ಕೊಟ್ಟ ಸಣ್ಣ ಸಣ್ಣ ದಯೆಗಳನ್ನು ಎಣಿಸುವ ಅಭ್ಯಾಸ ನನಗಿದೆ; ಇದನ್ನು ಮೇಲಿನ ಸಾಲಿನಲ್ಲೇ ಇಟ್ಟಿದ್ದೇನೆ.

ಹಾಗಾದರೆ ಅನುಮತಿಯನ್ನು ಮತ್ತೆ ಪಡೆದರಾಯಿತು ಎಂದುಕೊಂಡೆ. ಆಗಲಿಲ್ಲ. ಹಳೆಯ ಸಾಫ್ಟ್‌ವೇರನ್ನು ಆ ಕಂಪನಿ ಮಾರುವುದನ್ನೇ ಬಿಟ್ಟಿದೆ. ಹೊಸದರಲ್ಲಿ ಹಳೆಯ ಚಿತ್ರ ಹೊರತೆಗೆಯಬೇಕಾದರೆ ದೊಡ್ಡ ಮಿಲ್ಲುಗಳು ಪಡೆಯುವಂಥ ಅನುಮತಿ ಬೇಕು. ಒಂದು ಸೀರೆಗೆ, ಅದೂ ಎರಡನೇ ಸಲದ ಮದುಮಗಳಿಗೆ, ಅಂಥದ್ದನ್ನು ಯಾರೂ ಕೊಳ್ಳುವುದಿಲ್ಲ. ರಾಮಲಿಂಗನ ಸ್ನೇಹಿತನೊಬ್ಬ ಕಳ್ಳ ಸಾಫ್ಟ್‌ವೇರು ಹಾಕಿಕೊಡುತ್ತೇನೆ, ಮುಟ್ಟಿದರೆ ತೆರೆಯುತ್ತದೆ ಅಂದನಂತೆ.

"ನಮ್ಮ ಮನೆಗೆ ನಾವೇ ಹೆಂಚು ತೆಗೆದು ಇಳಿದರೆ ಕಳ್ಳತನ ಆಗ್ತದಾ ಅಕ್ಕಾ?" ಎಂದು ತಮ್ಮ ಕೇಳಿದ.

"ಹೆಂಚು ಯಾರದೋ?"

ಅವನು ಯೋಚಿಸಿ, "ಹೆಂಚು ಅವರದೇ" ಅಂದ.

ಬೇಡ ಅಂದೆ. ತಾಳಿ ಕಟ್ಟಿಸಿಕೊಳ್ಳುವ ಸೀರೆ, ಅದರಲ್ಲಿ ಕದ್ದ ಎಳೆ ಬೇಡ ಅಂದೆ. ಆ ಮಾತು ನನಗೇ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಪೊಲೀಸರ ಭಯವೂ ಇತ್ತೆಂದು ಹೇಳುವುದನ್ನು ಮರೆತೆ.

ಕೊನೆಗೆ ಕಂಪನಿಗೆ ನಾನೇ ಫೋನು ಮಾಡಿದೆ. ಒಬ್ಬ ಹುಡುಗಿ ಸಕ್ಕರೆಯಂಥ ತಮಿಳಿನಲ್ಲಿ ಮಾತಾಡಿದಳು. ನಾನು ಇರುವೆಯಿಂದ ಶುರುಮಾಡಿ ಅಮ್ಮನ ಮಂಡಿಯವರೆಗೆ ಹೇಳಿದೆ. ಪಾಪ, ನಡುವೆ ಬಾಯಿ ಹಾಕಲಿಲ್ಲ.

"ಡಿಸೈನು ನಿಮ್ಮದೇ ಅಮ್ಮ. ಕಾಪಿರೈಟು ನಿಮ್ಮ ಕುಟುಂಬದ್ದೇ. ನಾವು ಅದನ್ನ ಕೇಳೋದೇ ಇಲ್ಲ."

"ಹಂಗಾದ್ರೆ ಕೊಟ್ಟುಬಿಡು ಕಣ್ಣು."

"ಕೊಡೋದಕ್ಕೆ ಸಾಫ್ಟ್‌ವೇರಿಗೆ ಅನುಮತಿ ಬೇಕಲ್ಲಮ್ಮ. ಹೊಸದನ್ನ ಟ್ರಯಲ್ ಹಾಕ್ಕೊಳ್ಳಿ. ನೋಡಬಹುದು. ಹೊರಗೆ ತೆಗೆಯೋಕೆ ಆಗಲ್ಲ."

"ನೋಡಿ ಕೈಯಲ್ಲಿ ಬರಕೊಂಡ್ರೆ?"

ಒಂದು ನಿಮಿಷ ಅಂದು ಹೋದಳು. ಯಾರನ್ನೋ ಕೇಳಿ ಬಂದಿರಬೇಕು. "ನಿಮ್ಮ ಕೈ, ನಿಮ್ಮ ಡಿಸೈನು. ಅದಕ್ಕೆ ನಾವೇನೂ ಹೇಳಲ್ಲಮ್ಮ" ಎಂದು ನಕ್ಕಳು. ಅವಳ ಹೊಟ್ಟೆ ತಣ್ಣಗಿರಲಿ. ನನ್ನ ಕೈ ನನ್ನದೆಂದು ಮದುವೆಯಾದ ಮೇಲೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ತವರಿಗೆ ಹೊರಟೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಅದೊಂದು ದಯೆ. ಪಕ್ಕದಲ್ಲಿ ಕೂತವಳು ಮದುಕ್ಕರೈಯ ಹೆಂಗಸು, ನನ್ನ ಮಡಿಲಲ್ಲಿದ್ದ ಚೌಕಳಿ ಕಾಗದದ ಕಟ್ಟು ನೋಡಿ, "ಮಗುವಿಗೆ ಲೆಕ್ಕದ ಪಾಠಕ್ಕಾ?" ಎಂದು ಕೇಳಿದಳು. ಹೌದು ಅಂದೆ. ಉಡುಮಲೈಪೇಟೆಯವರೆಗೂ ಅವಳ ಮೊಮ್ಮಗನ ಲೆಕ್ಕದ ಮಾರ್ಕು ಕೇಳಬೇಕಾಯಿತು. ಸುಳ್ಳಿಗೆ ದೇವಿ ಕೂಡಲೇ ಶಿಕ್ಷೆ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಾಳೆ, ಬಾಕಿ ಇಡುವುದಿಲ್ಲ. ಅದೂ ಒಂದು ದಯೆಯೇ.

ತಮ್ಮ ಕಂಪ್ಯೂಟರು ಹಾಕಿದ. ಅಮ್ಮ ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಮುಚ್ಚಿ ಮೇಲೆ ಸಿಮೆಂಟು ಬಳಿದಿದ್ದಾರೆ. ಅದೇ ಜಾಗದಲ್ಲಿ ಅವನ ಮೇಜು. ಗಾಜಿನ ಪರದೆಯ ಮೇಲೆ ಇರುವೆಗಳು ಬಂದವು. ಅಮ್ಮನ ಇರುವೆಗಳೇ. ಸಪೂರ ಸೊಂಟ, ಅಗತ್ಯಕ್ಕಿಂತ ದೊಡ್ಡ ತಲೆ. ಪರದೆಯ ಹತ್ತಿರಕ್ಕೆ ಬಗ್ಗಿದೆ. ಆದರೆ ಅವುಗಳ ಮೇಲೆ ಅಡ್ಡಡ್ಡ, ದಪ್ಪ ಬೂದು ಅಕ್ಷರದಲ್ಲಿ, ಕಂಪನಿಯ ಹೆಸರು. ಮಳೆಯಲ್ಲಿ ಟಾರ್ಪಾಲು ಹೊದಿಸಿದ ಹಾಗೆ.

"ಇದನ್ನ ತೆಗೆಯೋ."

"ತೆಗೆಯೋಕೆ ಆಗಲ್ಲಕ್ಕ. ಟ್ರಯಲ್ ಅಂದ್ರೆ ಹಂಗೇ."

ನೆಲದ ಮೇಲೆ ಚಾಪೆ ಹಾಸಿ, ತಲೆಯೆತ್ತಿ ನೋಡುವುದು, ತಲೆ ಬಗ್ಗಿಸಿ ಚೌಕ ತುಂಬುವುದು. ತಮ್ಮನ ಹೆಂಡತಿ ಕಾಫಿ ತಂದಿಟ್ಟು, "ಅತ್ತಿಗೆ ಪರೀಕ್ಷೆ ಬರೀತಿದ್ದಾರೆ, ಸದ್ದು ಮಾಡಬೇಡಿ" ಎಂದು ಮಗ್ಗದವರಿಗೆಲ್ಲ ಹೇಳಿದಳು. ಪವರ್‌ಲೂಮು ಯಾರ ಮಾತು ಕೇಳುತ್ತದೆ! ಕಾಳು ಹೊತ್ತದ್ದು ಬಂತು, ಬರಿಗೈಯವು ಬಂದವು. ಹಿಂದಿರುಗಿ ನಿಂತ ಇರುವೆ ಮಾತ್ರ ಸರಿಯಾಗಿ ಬೂದು ಅಕ್ಷರದ ಕೆಳಗೆ ಸಿಕ್ಕಿಕೊಂಡಿತ್ತು. ಹಿಂಬದಿ ಒಂದಿಷ್ಟು ಕಾಣುತ್ತಿತ್ತು. ತಲೆ ಎಲ್ಲಿ, ಕಾಲು ಹೇಗೆ, ಗೊತ್ತಾಗಲಿಲ್ಲ. ಪರದೆಯನ್ನು ಹಿಂದೆ ಮುಂದೆ ಸರಿಸಿದೆವು. ಇರುವೆಯ ಜೊತೆ ಹೆಸರೂ ಸರಿಯಿತು.

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಮುಹೂರ್ತದಿಂದ ಪಾಯಸದವರೆಗೆ ಉಟ್ಟಿದ್ದೆನಲ್ಲ, ಗುಡಿಯಲ್ಲಿ ದೇವಿಯ ಮೇಲೆ ಅಷ್ಟು ಸಲ ನೋಡಿದ್ದೆನಲ್ಲ. ಈಗ ಅದು ಗುಡಿಯ ಪೆಟ್ಟಿಗೆಯ ತಳದಲ್ಲಿದೆ, ಒಪ್ಪಿಸಿದ್ದನ್ನು ತಿರುಗಿ ತೆಗೆಸುವ ಹಾಗಿಲ್ಲ. ಅಮ್ಮನ ಬೆರಳು ನೆನಪಾಯಿತು, ಅರಿಶಿನ ಮೆತ್ತಿದ ಉಗುರು ನೆನಪಾಯಿತು. ಒಲೆ ಆರಿಸಿದ್ನೋ ಇಲ್ವೋ ಎಂದ ದನಿಯೂ ಬಂತು. ಇರುವೆಯ ಮುಖ ಮಾತ್ರ ಬರಲಿಲ್ಲ. ಆ ಹೊತ್ತಿನಲ್ಲಿ ಕಂಪನಿಯ ಮೇಲೂ ಸಿಟ್ಟು ಬರಲಿಲ್ಲ. ಒಂದು ಗಳಿಗೆ ಅಮ್ಮ ಬಂದು ಆ ಚೌಕಗಳನ್ನಷ್ಟೇ ತುಂಬಿ ಹೋಗಬಾರದೇ, ಆಮೇಲೆ ನಾನು ಕೂರು ಅನ್ನುವುದಿಲ್ಲ, ಕಾಫಿ ಬೇಕಾ ಅಂತಲೂ ಕೇಳುವುದಿಲ್ಲ ಅನ್ನಿಸಿತು.

ಪೆನ್ನು ತೆಗೆದುಕೊಂಡು ನಾನೇ ಒಂದನ್ನು ಬರೆದೆ. ತಲೆ ಎತ್ತಿ, ಮುಂಗಾಲು ಒಂದನ್ನು ಗಾಳಿಯಲ್ಲಿಟ್ಟು, ಯಾರೋ ಕರೆದರೆಂದು ತಿರುಗಿದ ಹಾಗೆ.

ರಾಮಲಿಂಗ ಬಗ್ಗಿ ನೋಡಿದ. "ಅಮ್ಮ ಹಾಕಿದ್ದು ಹಿಂಗೇನಾ ಅಕ್ಕಾ?"

"ಗೊತ್ತಿಲ್ಲ ಕಣೋ."

"ನಿನ್ನ ಹಂಗೇ ಅದೆ ಇದು" ಅಂದು, ಕಾಗದ ಮಡಿಸದೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ. ಅದನ್ನು ನೋಡಿ ಹಳೆಯ ಕಾಲದ ಹಾಗೆ ರಟ್ಟಿಗೆ ತೂತು ಹೊಡೆಸಿದ, ಈಗ ಸೀರೆ ಮಗ್ಗದ ಮೇಲಿದೆ. ಅದನ್ನು ಆಮೇಲೆ ಒಪ್ಪಿಸಬೇಕೋ ಬೇಡವೋ ಎಂದು ಪೂಜಾರಿಯನ್ನು ಕೇಳಿಲ್ಲ. ಕೇಳಿದರೆ ಉತ್ತರ ಹೇಳಿಬಿಡುತ್ತಾರೆ. ದೇವಿಯ ಹತ್ತಿರ ಮಾತ್ರ ನೇರವಾಗಿ ಮಾತಾಡಿದ್ದೇನೆ: ತಾಯಿ, ಒಂದು ನಿನ್ನ ಹತ್ತಿರ ಇದೆ. ಅವಳು ಸುಮ್ಮನಿದ್ದಳು.

ಕಾಗದದ ಫೋಟೋವನ್ನು ಮಗಳು ಭವಾನಿಗೆ ಕಳಿಸಿದ್ದೆ. ಅವಳು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದಾಳೆ. ನಿನ್ನೆ ಸಂಜೆ ಕುಣಿಯುವ ದನಿಯಲ್ಲಿ ಫೋನು ಮಾಡಿದಳು.

"ಅಮ್ಮ, ಅಜ್ಜಿಯ ಇರುವೆ ಸೂಪರು! ಮಕ್ಕಳ ಟೀ ಶರ್ಟಿಗೆ ಹಾಕಿದರೆ ಹೆಂಗಿರ್ತದೆ ಗೊತ್ತಾ? ನಮ್ಮ ಡಿಸೈನರಿಗೆ ತೋರಿಸ್ಲಾ?"

"ತೋರಿಸಬೇಡ."

"ಯಾಕಮ್ಮ?"

"ನೀನು ನೋಡ್ಕೋ. ಯಾರಿಗೂ ಕಳಿಸಬಾರದು. ನನ್ನನ್ನ ಕೇಳದೆ ಒಂದು ಇರುವೆಯನ್ನೂ ಆ ಕಡೆ ಈ ಕಡೆ ಮಾಡಬಾರದು."

"ಎಷ್ಟು ವರ್ಷಕ್ಕಮ್ಮ ಈ ಕಂಡೀಷನ್ನು?" ಎಂದು ಕೇಳಿದಳು.

"ನಾನಿರೋವರೆಗೆ."

ಅವಳು ನಗುತ್ತಾ ಫೋನಿಟ್ಟಳು. ಅಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತು. ಬೀದಿಯ ಯಾವ ಹೆಂಗಸು ಬಂದು ಕೇಳಿದರೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೋಲವನ್ನೋ ಅಂಚನ್ನೋ ನೆಲದ ಮೇಲೆ ಬರೆದು ತೋರಿಸಿ, ಸಾಲದೆಂದು ಅವಳ ಕೈ ಹಿಡಿದು ತಿದ್ದಿಸಿ ಕಳಿಸುವವಳು. ಭವಾನಿಯನ್ನು ತಿರುಗಿ ಕರೆದು, 'ಆಯಿತು, ತೋರಿಸು' ಅನ್ನಬೇಕೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಬೀದಿಯ ನಲ್ಲಿಯಲ್ಲಿ ಸಿರುವಾಣಿ ಅಣೆಯ ನೀರು ಬಿಟ್ಟ ಸದ್ದಾಯಿತು. ಇನ್ನೆಂದು ಬಿಡುತ್ತಾರೋ ಹೇಳಲಾಗದು. ಕೊಡ ಎತ್ತಿಕೊಂಡು ನಲ್ಲಿಯ ಹತ್ತಿರ ಓಡಿದೆ.