ಕಾಂಪೌಂಡರ್ ಕೆತ್ತಿದ ಎತ್ತು

ಜೇಬಿನಲ್ಲಿ ಮಡಚೋ ಚಾಕು ಇಟ್ಟುಕೊಂಡೋನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಕೇಳಿಕೊಂಡು ಬರುತ್ತೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ನಾನು ದನದ ಆಸ್ಪತ್ರೆ ಕಾಂಪೌಂಡರ್. ಬಿಡುವಾದಾಗೆಲ್ಲ ಕಟ್ಟೆ ಮೇಲೆ ಕೂತು ಸಿಕ್ಕಿದ ಕಟ್ಟಿಗೆ ಕೆತ್ತುತ್ತಿದ್ದೆ. ಆಸೆ ಇದ್ದದ್ದು ಒಂದೇ: ನಾನು ಕೆತ್ತಿದ್ದು ನೋಡಿ ನನ್ನ ಹೆಂಡತಿ ಒಂದು ಸಲವಾದರೂ "ಚೆನ್ನಾಗೈತೆ" ಅನ್ನಬೇಕು. ಆಕೆ ಅನ್ನುತ್ತಿದ್ದುದು, "ಕಸ ಮಾಡೋರು ನೀವು, ಗುಡಿಸೋಳು ನಾನು."

ಜಗಳೂರಿನ ಹೋರಿ

ಒಂದು ಬೆಳಿಗ್ಗೆ ಕಲ್ಲಿಗೆ ಚಾಕು ಮಸೆದು, ಹರಿತ ಬಂತೋ ಇಲ್ಲವೋ ಅಂತ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದೆ. ಒಬ್ಬ ರೈತ ಹೋರಿ ಹಿಡಿದುಕೊಂಡು ಬಂದ. ನನ್ನ ನೋಡಿದ, ಚಾಕು ನೋಡಿದ, ಹೋರಿಯ ಹಿಂಗಾಲ ಸಂದು ನೋಡಿದ.

"ಏನಾಗೈತಪ್ಪಾ ಹೋರಿಗೆ?" ಅಂದೆ.

"ಏನೂ ಆಗಿಲ್ಲ ಸಾರ್! ಹೊಟ್ಟೆ ಕೆಟ್ಟಿತ್ತು, ನಿಮ್ಮನ್ನ ನೋಡ್ತಿದ್ದಂಗೇ ಸರಿಹೋತು," ಎಂದವನೇ ಮೂಗುದಾರ ಜಗ್ಗಿಕೊಂಡು ಬಂದ ದಾರಿ ಹಿಡಿದ. ಒಳಗಿದ್ದ ಡಾಕ್ಟರು, "ಔಷಧಿ ಇಲ್ಲದೆ ವಾಸಿ ಮಾಡಾಕೆ ಹತ್ತಿದ್ರೆ ನನ್ನ ಗತಿ ಏನ್ರೀ?" ಅಂದರು.

ಹೊನ್ನಾಳಿಯ ಹೋಳಿಗೆ

ಹೊನ್ನಾಳಿಗೆ ವರ್ಗವಾದಾಗ ಹೆಂಡತಿಗೆ ಉಪಯೋಗಕ್ಕೆ ಬರಲಿ ಅಂತ ಲಟ್ಟಣಿಗೆ ಕೆತ್ತಿಕೊಟ್ಟೆ. ಬರೀ ಚಾಕುವಿನ ಕೆಲಸ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಯುಗಾದಿಗೆ ಆಕೆಯ ತಮ್ಮ ಬಂದಿದ್ದ. ಎಲೆ ಮೇಲೆ ಬಿದ್ದ ಹೋಳಿಗೆಗೆ ಮೂರು ಮೂಲೆ, ಒಂದು ಬಾಲ.

"ಅಕ್ಕಾ, ಇದು ಯಾವೂರ ಹೋಳಿಗೆ?"

"ನಿಮ್ಮ ಭಾವನ ಕಾರ್ಖಾನೇದು. ಮಾತಾಡದೆ ತಿನ್ನು, ಇಲ್ಲಾಂದ್ರೆ ನಿನಗೂ ಒಂದು ಲಟ್ಟಣಿಗೆ ಕೆತ್ತಿಕೊಡ್ತಾರೆ."

ನ್ಯಾಮತಿಯ ಗೊಟ್ಟ

ದನಕ್ಕೆ ಔಷಧಿ ಕುಡಿಸೋ ಬಿದಿರಿನ ಕೊಳವೆಗೆ ಗೊಟ್ಟ ಅಂತಾರೆ. ನ್ಯಾಮತಿಗೆ ವರ್ಗವಾದ ಮೇಲೆ ನಾನು ಹಸಿ ಬಿದಿರು ತಂದು, ಅಂಚು ನುಣುಪು ಮಾಡಿ, ಸುತ್ತ ಬಳ್ಳಿ ಕೆತ್ತಿ ಹೊಸ ಗೊಟ್ಟ ಮಾಡಿದೆ. ಪಕ್ಕದ ಹಳ್ಳಿ ಗೋವಿನಕೋವಿಯಿಂದ ಬಂದ ಎತ್ತಿನ ಬಾಯಿಗೆ ಇಟ್ಟರೆ, ಆ ಪುಣ್ಯಾತ್ಮ ಔಷಧಿ ಉಗುಳಿ ಗೊಟ್ಟ ಅಗಿದು ತಿಂದ. ಅಲ್ಲಿನ ಡಾಕ್ಟರು ಬೆನ್ನು ತಟ್ಟಿದರು: "ಬೇಜಾರಾಗಬೇಡ್ರೀ. ನಿಮ್ಮ ಕೆತ್ತನೆ ಇಷ್ಟು ಮೆಚ್ಚಿದೋರು ಬೇರೆ ಯಾರವ್ರೆ?"

ಸೂಳೆಕೆರೆ ಬಸವಣ್ಣ

ಕೊನೆಗೆ ಚನ್ನಗಿರಿ ಕಡೆ, ಸೂಳೆಕೆರೆ ದಂಡೆಯ ಹಳ್ಳಿಗೆ ಹಾಕಿದರು. ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮಳೆಯೋ ಮಳೆ. ಎತ್ತು ಮಾಡಿ ಕೊಡುತ್ತಿದ್ದ ಕುಂಬಾರ ಬರಲೇ ಇಲ್ಲ. "ಮಣ್ಣಿಲ್ಲದಿದ್ದರೆ ಮರ ಇಲ್ವಾ?" ಅಂತ ನಾನು ಬೂರುಗದ ಕಟ್ಟಿಗೆಯಲ್ಲಿ ಜೋಡಿ ಎತ್ತು ಕೆತ್ತಿದೆ.

"ಇವು ಎತ್ತಾ? ಕತ್ತೆಗೆ ಕೋಡು ಬಂದಂಗೈತೆ," ಅಂದಳು ಹೆಂಡತಿ. ಬೇರೆ ಗತಿ ಇಲ್ಲದೆ ಅವನ್ನೇ ಪೂಜೆಗಿಟ್ಟಳು.

ಪೂಜೆಯಾದ ಎತ್ತನ್ನು ನೀರಿಗೆ ಬಿಡಬೇಕು. ಉಳಿದವರ ಮಣ್ಣೆತ್ತು ಮುಳುಗಿ ಕರಗಿದವು. ನಮ್ಮವು ತೇಲಿದವು. ಒತ್ತಿದರೆ ಪುಳಕ್ಕನೆ ಮೇಲೇಳುತ್ತಿದ್ದವು. ದಂಡೆ ಮೇಲಿದ್ದೋರೆಲ್ಲ ನಗು. "ನೀರೂ ಒಲ್ಲೆ ಅಂತೈತೆ ನೋಡ್ರಿ," ಅಂದಳು ಆಕೆ. ಗಾಳಿಗೆ ಎರಡೂ ದೂರ ಹೋದವು. ನನಗೆ ನಿಜವಾಗಿಯೂ ಸಂಕಟವಾಯಿತು.

ಕೆಲವು ದಿನಕ್ಕೆ ಸುದ್ದಿ ಬಂತು, ಆಚೆ ದಂಡೆಯ ಹಳ್ಳಿಯಲ್ಲಿ ಕೆರೆಯಿಂದ ಬಸವಣ್ಣ ಎದ್ದು ಬಂದಿದ್ದಾನಂತೆ! ನನಗೆ ಅನುಮಾನ ಬಂತು, ಹೆಂಡತಿಗೆ ಭಕ್ತಿ ಬಂತು. ಹೋದೆವು. ಕಟ್ಟೆ ಮೇಲೆ ನನ್ನದೇ ಎತ್ತು, ಜೋಡಿಯಲ್ಲಿ ಒಂದು! ಮೈತುಂಬ ವಿಭೂತಿ, ಬೆಳ್ಳಿ ಕಣ್ಣು, ಹೂವಿನ ಹಾರ. ಹೆಂಡತಿ ಕೈಮುಗಿದು ಕಣ್ಣಲ್ಲಿ ನೀರು ತಂದುಕೊಂಡಳು.

"ಏನು ಕಳೆ ರೀ! ಎಷ್ಟು ಚೆನ್ನಾಗೈತೆ! ನೋಡಿ ಕಲೀರಿ."

ನಾನು ಮೆಲ್ಲಗೆ, "ಲೇ, ಎಡಗಿವಿ ಮುಕ್ಕಾಗೈತೆ ನೋಡು. ನನ್ನ ಚಾಕು ಜಾರಿದ್ದು. ಅದು ನಾನೇ ಕೆತ್ತಿದ್ದು ಕಣೇ," ಅಂದೆ.

ಆಕೆ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾತು ಬಸವಣ್ಣಾ, ಇವರ ಮಾತು ಕಿವಿಗೆ ಹಾಕ್ಕೋಬೇಡ! ಅಡ್ಡ ಬೀಳ್ರಿ ಮೊದಲು!"

ಬಿದ್ದೆ. ಏಳುವಷ್ಟರಲ್ಲಿ ಪೂಜಾರಿ ಪ್ರಸಾದ ಕೊಡುತ್ತಾ ಕೇಳಿದ, "ಸಾರ್, ಸ್ವಾಮಿ ಒಂಟಿಯಾಗವ್ನೆ. ಜೊತೆಗೆ ಇನ್ನೊಂದು ಮಾಡಿಸಬೇಕು. ಕೆತ್ತೋರು ಯಾರಾದ್ರೂ ಗೊತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು, "ಯಾರ ಕೈಲಾದ್ರೂ ಮಾಡಿಸ್ರಿ, ಇವರ ಕೈಲಿ ಮಾತ್ರ ಬೇಡ. ಇರೋ ಬಸವಣ್ಣನೂ ಕೆರೆಗೆ ಹಾರಿಯಾನು!"