ಕಾಕುವಿನ ಮೀನು, ನನ್ನ ಅಂಟು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅಂಥದ್ದಾಗಿದ್ದರೆ ನನ್ನ ಹೆಂಡತಿ ನೀಲಾ ತವರಿನವರ ಮುಂದೆ ಒಂದು ಸಲ ಅತ್ತು ಹಗುರಾಗುತ್ತಿದ್ದಳು. ನನ್ನದು ಅಂಟಿಸುವ ಚಟ. ಮುರಿದದ್ದು, ಬಿರಿದದ್ದು, ಸೋರುವುದು ಕಣ್ಣಿಗೆ ಬಿದ್ದರೆ ಸಾಕು, ಕೈ ಸುಮ್ಮನಿರುವುದಿಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಹಿಡಿಕೆ ಅಂಟಿಸಿದ ಕಪ್ಪು, ಕಿವಿ ಅಂಟಿಸಿದ ಬಕೆಟ್ಟು, ಕಾಲು ಅಂಟಿಸಿದ ಕುರ್ಚಿ ಎಲ್ಲ ಇವೆ. ಯಾವ ಕುರ್ಚಿಯ ಮೇಲೆ ಕೂಡಬಾರದು ಎಂಬುದನ್ನು ನೀಲಾ ಬಂದವರಿಗೆ ಬಾಗಿಲಲ್ಲೇ ತಿಳಿಸಿ ಒಳಗೆ ಕರೆಯುತ್ತಾಳೆ. ನಾನು ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತ. ಆದರೆ ನಮ್ಮಪ್ಪ ನೇಕಾರ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದರಲ್ಲೇ ಅವರ ಆಯುಷ್ಯ ಕಳೆಯಿತು. ಜೋಡಿಸುವುದು ನಮ್ಮ ರಕ್ತದಲ್ಲೇ ಇದೆ ಎಂದು ನಾನು ಹೇಳಿಕೊಳ್ಳುತ್ತೇನೆ. ಮಾವನವರು ಜೋಡಿಸಿದ್ದು ಬಿಚ್ಚುತ್ತಿರಲಿಲ್ಲ ಎಂದು ನೀಲಾ ಅಷ್ಟೇ ಮೆತ್ತಗೆ ಸೇರಿಸುತ್ತಾಳೆ.

ಈ ಚಟ ಒಂದು ಜೀವಕ್ಕೆ ಮುಟ್ಟಿದ ಕಥೆಯನ್ನು ಈಗ ಹೇಳಬೇಕು. ನಮ್ಮ ಪಕ್ಕದ ಮನೆಯಲ್ಲಿ, ನಾನು ಚಿಕ್ಕಮ್ಮನೆಂದು ಕಾಕು ಎನ್ನುವ ಗೌರವ್ವ ಒಬ್ಬರೇ ಇರುತ್ತಾರೆ. ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ತೀರುವ ಮುಂಚೆ ಬಾಗಲಕೋಟೆಯ ದವಾಖಾನೆಗೆ ತೋರಿಸಿಕೊಳ್ಳಲು ಹೋದವರು ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ ಒಂದು ಬಂಗಾರ ಬಣ್ಣದ ಮೀನು ತಂದಿದ್ದರು. ಆಗ ಬೆರಳಿನಷ್ಟಿದ್ದದ್ದು ಈಗ ಅಂಗೈಯಷ್ಟಾಗಿದೆ. ಹೆಸರು ಬಂಗಾರಿ. ಒಂದು ಸೋಮವಾರ ಗುಳೇದಗುಡ್ಡದಲ್ಲಿ ಕಾಕುವಿನ ಮಗಳು ಹಡೆದಳು ಎಂದು ಫೋನು ಬಂದಾಗ ಕಾಕು ಗಾಜಿನ ತೊಟ್ಟಿಯ ಅರ್ಧ ನೀರು ತೆಗೆದು, ಮೀನಿನ ಸಮೇತ ನನ್ನ ಕೈಯಲ್ಲಿ ಹೊರಿಸಿಕೊಂಡು ನಮ್ಮ ಮನೆಗೆ ಬಂದರು.

"ಶೇಖರ, ಬರೋ ಆಯಿತವಾರ ಬರ್ತೇನಿ. ಅಲ್ಲೀತನಕ ಇದನ್ನ ನಿನ್ನ ಕೈಯಾಗ ಕೊಟ್ಟು ಹೊಂಟೇನಿ. ಅವರು ಹೋದ ಮ್ಯಾಲ ಆ ಮನ್ಯಾಗ ಉಸಿರಾಡೋವು ನಾವ ಇಬ್ಬರ ನೋಡು" ಎಂದರು. ಮೀನಿಗೆ ಹಾಕುವ ಕಾಳಿನ ಡಬ್ಬಿ ಕೊಟ್ಟರು. ಒಂದು ಸ್ಟೀಲಿನ ಬಟ್ಟಲನ್ನು ನೀಲಾಳ ಕೈಗಿಟ್ಟು ಏನೋ ಹೇಳುತ್ತಿದ್ದಾಗಲೇ ಹೊರಗೆ ಆಟೋದವನು ಹಾರ್ನ್ ಬಾರಿಸಿದ. ಕಾಕು ಹೋದರು. ಬಟ್ಟಲು ಅಡುಗೆಮನೆ ಸೇರಿ ಶೇಂಗಾ ಚಟ್ನಿಗೆ ಆಯಿತು.

ತೊಟ್ಟಿಯನ್ನು ಅಪ್ಪನ ಹಳೆಯ ಮಗ್ಗದ ಪಕ್ಕ, ಕಿಟಕಿಯ ಕೆಳಗಿನ ಕೆಂಪು ಕಲ್ಲಿನ ಹಾಸಿನ ಮೇಲೆ ಇಟ್ಟು ನೀರು ತುಂಬಿಸಿದೆ. ಮಂಗಳವಾರ ಬೆಳಿಗ್ಗೆ ಬಿಸಿಲು ನೇರ ಮೀನಿನ ಮೇಲೆ ಬೀಳುವುದನ್ನು ಕಂಡು ತೊಟ್ಟಿಯನ್ನು ತುಸು ತಿರುಗಿಸಿದೆ. ಮೂಲೆ ಕಲ್ಲಿಗೆ ತಾಗಿ ಟಣ್ ಎಂದಿತು. ಅಷ್ಟೇ. ಒಂದು ತಾಸಿನ ನಂತರ ನೋಡಿದರೆ ಆ ಮೂಲೆಯ ಕೆಳಗೆ ಕಲ್ಲು ಒದ್ದೆ. ಒರೆಸಿದೆ. ಮತ್ತೆ ಒದ್ದೆ. ಕಾಕು ನಂಬಿ ಬಿಟ್ಟುಹೋದ ಒಂದೇ ಒಂದು ಜೀವ, ನಾನು ಅದರ ಮನೆಯನ್ನೇ ಒಡೆದಿದ್ದೆ. ಹೆದರಿಕೆಯ ನಡುವೆಯೂ ಒಳಗೊಳಗೇ ಸಣ್ಣ ಖುಷಿಯಾದದ್ದನ್ನು ಮುಚ್ಚಿಡುವುದಿಲ್ಲ. ಅಂಟಿಸಲು ಏನೋ ಸಿಕ್ಕಿತ್ತಲ್ಲ.

ಮೀನನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯಲ್ಲಿದ್ದ ಗಾಳಿಯ ನಳಿಕೆಯನ್ನೂ ಅದರೊಳಗೆ ಬಿಟ್ಟು, ಬಸ್‌ಸ್ಟ್ಯಾಂಡಿನ ಹತ್ತಿರ ಮೀನಿನ ಅಂಗಡಿ ಇಟ್ಟಿರುವ ರಿಯಾಜನ ಬಳಿ ಓಡಿದೆ. ಅವನು ಒಂದು ಟ್ಯೂಬು ಕೊಟ್ಟ. "ಸರ, ಇದು ಸಾದಾ ಸಿಲಿಕೋನ್. ಇದರಾಗ ಬ್ಯಾರೆ ಏನೂ ಕೂಡ್ಸಿಲ್ಲ. ಹಳೇದೆಲ್ಲ ಕೆರದು ಇದನ್ನ ಹಚ್ಚಿ ಎರಡು ಮೂರು ದಿನ ಒಣಗಾಕ ಬಿಡ್ರಿ" ಎಂದ. ಮನೆಗೆ ಬಂದು ಮುಚ್ಚಳ ತೆಗೆದೆ. ಮೂಗಿಗೆ ಗಪ್ಪನೆ ಹುಳಿ ವಾಸನೆ ಹೊಡೆಯಿತು.

ಇಲ್ಲಿ ನಮ್ಮ ಮನೆತನದ ಮೂಗಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ತಪ್ಪು ನಿಮಗೆ ಬರೀ ದಡ್ಡತನವಾಗಿ ಕಾಣುತ್ತದೆ. ನೂಲಿಗೆ ಹಚ್ಚುವ ಗಂಜಿಯನ್ನು ಅಪ್ಪ ಪ್ರತಿದಿನ ಬೆಳಿಗ್ಗೆ ಮೂಸಿ ನೋಡುತ್ತಿದ್ದರು. ಸ್ವಲ್ಪ ಹುಳಿ ಬಂದಿದ್ದರೂ ಇಡೀ ಪಾತ್ರೆಯನ್ನು ಮೋರಿಗೆ ಸುರಿಯುತ್ತಿದ್ದರು. "ಹುಳಿ ಬಂದದ್ದು ಹಿಡಿಯಾಂಗಿಲ್ಲ, ಹಾಳ ಮಾಡ್ತೈತಿ" ಎನ್ನುವುದು ಅವರ ಮಾತು. ಓಣಿಯ ಯಾವ ನೇಕಾರನನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದ. ಹಾಗೆ ಬೆಳೆದ ನಾನು ಆ ಟ್ಯೂಬನ್ನು ಎರಡು ಸಲ ಮೂಸಿ, ರಿಯಾಜ ಯಾವ ಕಾಲದ್ದೋ ಕೆಟ್ಟ ಮಾಲು ದಾಟಿಸಿದ್ದಾನೆ ಎಂದು ತೀರ್ಮಾನಿಸಿ ಕಸದ ಬುಟ್ಟಿಗೆ ಎಸೆದೆ.

ಆಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮೀನಿನ ವಿಷಯ ಹೇಳಿದರೆ ನಗುತ್ತಾರೆಂದು "ಗಾಜಿಗೆ ಬೇಕು, ನೀರು ತಾಗ್ತೈತಿ" ಎಂದಷ್ಟೇ ಹೇಳಿದೆ. ಅಂಗಡಿಯವರು ಪಾಪ, ನಾನು ಹೇಳಿದ್ದಕ್ಕೆ ತಕ್ಕದ್ದನ್ನೇ ಕೊಟ್ಟರು. "ಬಚ್ಚಲಮನಿಗೆ ಎಲ್ಲಾರೂ ಇದನ್ನ ಒಯ್ತಾರ್ರಿ. ವರ್ಷಾನುಗಟ್ಟಲೆ ಬೂಷ್ಟ ಹಿಡ್ಯಾಂಗಿಲ್ಲ" ಎಂದರು. ಮೂಸಿದೆ. ವಾಸನೆಯೇ ಇಲ್ಲ. ಬೂಷ್ಟೂ ಹಿಡಿಯುವುದಿಲ್ಲ ಎಂದರೆ ಇದಕ್ಕಿಂತ ಶುದ್ಧವಾದದ್ದು ಯಾವುದಿದೆ ಎಂದುಕೊಂಡೆ. ಮೂಲೆಗೆ ಧಾರಾಳವಾಗಿ ಬಳಿದು, ಹೆಬ್ಬೆರಳಿನಿಂದ ನಯ ಮಾಡಿ, ಒಂದು ದಿನ ಒಣಗಲು ಬಿಟ್ಟು ಬುಧವಾರ ಸಂಜೆ ನೀರು ತುಂಬಿ ಬಂಗಾರಿಯನ್ನು ಬಿಟ್ಟೆ. ಒಂದು ಹನಿ ಸೋರಲಿಲ್ಲ. ನೀಲಾಳನ್ನು ಕರೆದು ತೋರಿಸಿದೆ. ಅವಳು ಒಮ್ಮೆ ನೋಡಿ ಒಳಗೆ ಹೋದಳು, ಅದನ್ನೇ ನಾನು ಮೆಚ್ಚುಗೆ ಎಂದು ತಿಳಿದೆ.

ಗುರುವಾರ ಬೆಳಿಗ್ಗೆ ಬಂಗಾರಿ ತಳದಲ್ಲಿ ಒಂದು ಮಗ್ಗುಲಿಗೆ ವಾಲಿತ್ತು. ಕಾಳು ಹಾಕಿದರೆ ಮೇಲೆ ಬರಲಿಲ್ಲ. ಕಿವಿರು ಜೋರಾಗಿ ಬಡಿಯುತ್ತಿತ್ತು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ರಿಯಾಜನಿಗೆ ಫೋನು ಹಚ್ಚಿದೆ. ಮಾಡಿದ್ದನ್ನೆಲ್ಲ ಹೇಳಿದೆ.

"ಸರ, ಬೂಷ್ಟ ಬರಬಾರದಂತ ಅದರಾಗ ಔಷಧ ಹಾಕಿರ್ತಾರ. ಬೂಷ್ಟ ಕೊಲ್ಲೋ ಔಷಧಕ್ಕ ಮೀನ ಯಾವ ಲೆಕ್ಕರಿ? ಮೊದಲ ಅದನ್ನ ಹೊರಗ ತಗೀರಿ, ಆಮ್ಯಾಲ ಬೈತೇನಿ."

"ಬಕೆಟ್ಟಿಗೆ ಯಾವ ನೀರ ಹಾಕ್ಲಿ?"

"ನಿನ್ನೆ ಮೊನ್ನೆ ಹಿಡಿದಿಟ್ಟ ನೀರ ಹಾಕ್ರಿ, ಅದರಾಗಿನ ಕ್ಲೋರಿನ್ ಹೋಗಿರ್ತೈತಿ. ನಮ್ಮೂರಾಗ ಹಿಡಿದಿಟ್ಟ ನೀರಿಗೇನ ಬರ?" ಎಂದ. ಖರೆ, ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ ಡ್ರಮ್ಮು ತುಂಬಿರದ ಮನೆಯಿಲ್ಲ. ನಮ್ಮ ನಲ್ಲಿಯನ್ನು ಬೈದ ಬಾಯಿಯನ್ನು ಆ ಹೊತ್ತು ನಾನೇ ಮುಚ್ಚಿಕೊಂಡೆ.

"ಅಲ್ರಿ, ನಾ ಕೊಟ್ಟ ಟ್ಯೂಬ ಏನಾತು?" ಎಂದು ಅವನು ಕೇಳಿದ.

"ಅದು ಹುಳಿ ಬಂದಿತ್ತಪಾ."

ರಿಯಾಜ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಅದಕ್ಕ ಹುಳಿ ವಾಸನಿ ಬರಬೇಕ್ರಿ ಸರ. ಒಣಗಿಕೋತ ಒಣಗಿಕೋತ ಹೋಗ್ತೈತಿ. ಪೂರಾ ಹೋದ ಮ್ಯಾಲ ನೀರ ತುಂಬೋದು. ಈಗ ನೀವು ಹಚ್ಚಿದ್ದನ್ನ ಒಂದು ಚೂರೂ ಬಿಡದಂಗ ಬ್ಲೇಡಿಲೆ ಕೆರೀರಿ. ಅದರ ಮ್ಯಾಲ ಹೊಸಾದು ಹಿಡಿಯಾಂಗಿಲ್ಲ."

ಕಸದ ಗಾಡಿ ಬುಧವಾರವೇ ಬಂದುಹೋಗಿತ್ತು. ಬುಟ್ಟಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ನೀಲಾ ಒಳಗಿನಿಂದ ಆ ಟ್ಯೂಬನ್ನೇ ತಂದು ಕೈಗಿಟ್ಟಳು. "ನೀವು ಒಗದದ್ದು ನಾಕು ದಿನಕ್ಕ ಬೇಕಾಗ್ತೈತಿ ಅಂತ ಗೊತ್ತಿತ್ತರಿ, ತಗದಿಟ್ಟಿದ್ದೆ" ಎಂದಳು. ಆ ಗಳಿಗೆಯಲ್ಲಿ ಅವಳ ಕಾಲಿಗೆ ಬೀಳಬೇಕೆನಿಸಿತು. ಮರ್ಯಾದೆಗೆ ಅಂಜಿ ಬೀಳಲಿಲ್ಲ.

ಅಂದು ರಜೆ ಹಾಕಿ ಮೂರು ಬ್ಲೇಡು ಮುಗಿಯುವ ತನಕ ಕೆರೆದೆ. ಒರೆಸಿ, ಒಣಗಿಸಿ, ಹುಳಿ ಟ್ಯೂಬನ್ನು ಹಚ್ಚಿದೆ. ಮನೆಯೆಲ್ಲ ಹುಳಿ ನಾತ. ಅಪ್ಪನ ಫೋಟೋ ಕಡೆ ನೋಡುವ ಧೈರ್ಯವಾಗಲಿಲ್ಲ. ಬಂಗಾರಿ ಬಕೆಟ್ಟಿನಲ್ಲಿ ನೆಟ್ಟಗಾಗಿತ್ತು, ಆದರೆ ತಿನ್ನುತ್ತಿರಲಿಲ್ಲ. ಕೂತಲ್ಲಿ ಕೂಡಲಾರದೆ ಮತ್ತೆ ಮತ್ತೆ ಎದ್ದು ಹೋಗಿ ಬಕೆಟ್ಟಿನಲ್ಲಿ ಹಣಕಿ, ಆಮೇಲೆ ಮೂಲೆಗೆ ಮೂಗು ಹಚ್ಚಿ ಬರುತ್ತಿದ್ದೆ. ಶುಕ್ರವಾರವೂ ಕಾಳು ಹಾಗೇ ತೇಲಿತು. ಆಯಿತವಾರದೊಳಗೆ ಎಲ್ಲ ಸರಿ ಮಾಡಿಬಿಟ್ಟರೆ ಕಾಕುವಿಗೆ ಹೇಳುವುದೇ ಬೇಡ ಎಂಬ ಸಣ್ಣಬುದ್ಧಿಯೂ ಇತ್ತು. ಶನಿವಾರ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೈಯಲ್ಲಿ ಚೀಲ ಹಿಡಿದು ಕಾಕು ನಿಂತಿದ್ದಾರೆ.

"ಮಗಳ ಅತ್ತಿ ಬಂದ್ರು, ನಾ ಹೊಂಟು ಬಂದೆ. ಬಂಗಾರಿ ಎಲ್ಲೈತಿ?"

ಖಾಲಿ ತೊಟ್ಟಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ನಾನು ಬಕೆಟ್ಟಿನ ಕಡೆ ಕೈ ತೋರಿಸಿದೆ. ಕಾಕು ಅದರ ಪಕ್ಕ ನೆಲಕ್ಕೆ ಕೂತು "ಏ ಬಂಗಾರಿ, ನಾ ಬಂದೇನಿ ನೋಡು" ಎನ್ನುತ್ತ ಎರಡು ಕಾಳು ಹಾಕಿದರು. ಮೀನು ತಳದಲ್ಲಿ ಒಂದು ಸುತ್ತು ಹಾಕಿತು. ನಿಂತಿತು. ಮೇಲೆ ಬಂದು ಒಂದು ಕಾಳು ನುಂಗಿತು. ಆಮೇಲೆ ಇನ್ನೊಂದು.

ನನ್ನ ಕಣ್ಣು ತುಂಬಿ ಬಂತು. ಮುಚ್ಚಿಡುವ ಬುದ್ಧಿ ಎಲ್ಲಿ ಹೋಯಿತೋ, ಮೂಲೆ ಬಡಿದದ್ದರಿಂದ ಹಿಡಿದು ಎಲ್ಲ ಒಪ್ಪಿಕೊಂಡೆ. "ನನ್ನಿಂದ ಸಾಯ್ತಿತ್ತು ಕಾಕು" ಎಂದೆ. ಅವರು ಎಲ್ಲ ಕೇಳಿ ನೀಲಾಳ ಕಡೆ ತಿರುಗಿದರು.

"ಅಲ್ಲವ್ವಾ, ನಾ ಕೊಟ್ಟ ಬಟ್ಟಲ ಎಲ್ಲೈತಿ?"

ನೀಲಾ ಚಟ್ನಿಯ ಬಟ್ಟಲು ತಂದಳು.

"ಅದನ್ನ ಮೂಲಿ ಕೆಳಗ ಇಡು ಅಂದಿದ್ನೆಲ್ಲ. ಅವರು ಇದ್ದಾಗಿಂದ ಆ ಮೂಲಿ ಒಸರತೈತಿ. ಎರಡು ದಿನಕ್ಕ ಒಂದು ಬಟ್ಟಲ ತುಂಬತೈತಿ, ನಾ ಮಲ್ಲಿಗಿ ಬಳ್ಳಿಗೆ ಹಾಕ್ತೇನಿ. ಮೀನಿಗೇನೂ ತ್ರಾಸ ಇದ್ದಿಲ್ಲ."

ತೊಟ್ಟಿ ತಂದಿಟ್ಟ ಸೋಮವಾರವೂ ಕಲ್ಲು ಒದ್ದೆಯಾಗಿತ್ತು, ತರುವಾಗ ಚೆಲ್ಲಿದ ನೀರೆಂದು ತಾನು ಒರೆಸಿದ್ದೆ ಎಂದು ನೀಲಾ ಆಗ ನೆನಪು ಮಾಡಿಕೊಂಡಳು. ಎಂದರೆ ನಾನು ಏನನ್ನೂ ಒಡೆದಿರಲಿಲ್ಲ. ನಾನು ಕೈ ಹಾಕುವ ತನಕ ಬಂಗಾರಿ ಚೆನ್ನಾಗಿಯೇ ಇತ್ತು.

ಮುಂದಿನ ಸೋಮವಾರದ ಹೊತ್ತಿಗೆ ಹುಳಿ ವಾಸನೆ ಪೂರಾ ಹೋಯಿತು. ಮೊದಲ ನೀರನ್ನು ತುಂಬಿ ಚೆಲ್ಲಿ, ಎರಡನೆಯ ನೀರಿನಲ್ಲಿ ಬಂಗಾರಿಯನ್ನು ಬಿಟ್ಟು ಕಾಕುವಿನ ಮನೆ ಸೇರಿಸಿದೆ. ಅಲ್ಲಿ ತೊಟ್ಟಿಯ ಕೆಳಗೆ ಹಾಸಿದ ಪೇಪರು ಇವತ್ತಿಗೂ ಒಣಗಿಯೇ ಇದೆ. ನನ್ನ ಆಯುಷ್ಯದಲ್ಲಿ ನಿಂತ ಅಂಟು ಅದೊಂದೇ. ಒಂದು ವಾರದ ನಂತರ ಕಾಕು ಆ ಬಟ್ಟಲನ್ನು ತಂದುಕೊಟ್ಟರು. "ನಮ್ಮನ್ಯಾಗ ಇದಕ್ಕ ಇನ್ನ ಕೆಲಸ ಇಲ್ಲಪಾ. ನೀ ಇಟ್ಕೊ. ಮುಂದ ಏನ ಅಂಟಿಸ್ತೀಯೋ ಅದರ ಕೆಳಗ ಇಡು" ಎಂದರು.

ಈಗ ಅದು ನಮ್ಮ ಅಡುಗೆಮನೆಯ ನಲ್ಲಿಯ ಕೆಳಗಿದೆ. ಆ ನಲ್ಲಿಯನ್ನು ಹೋದ ತಿಂಗಳು ನಾನೇ ರಿಪೇರಿ ಮಾಡಿದೆ. ನೀರು ಬಂದ ದಿನ ಎರಡು ಬಟ್ಟಲು ತುಂಬುತ್ತದೆ. ತೊಟ್ಟಿಯ ಸೋರಿಕೆ ನಿಂತ ಮೇಲೆ ಕಾಕುವಿನ ಮಲ್ಲಿಗೆ ಬಳ್ಳಿ ಬಾಡತೊಡಗಿತ್ತಂತೆ. ನೀಲಾ ಆ ನೀರನ್ನು ಒಯ್ದು ಅದಕ್ಕೆ ಹಾಕಿ ಬರುತ್ತಾಳೆ.