ಎರಡನೇ ಮಹಡಿಯ ಮೋಟುಮರಕ್ಕೆ ಒಂದು ವಿನಂತಿ

ಮಾನ್ಯ ಮೋಟುಮರದವರೇ,

ನಮ್ಮ ಕಟ್ಟಡದ ಎರಡನೇ ಮಹಡಿಯ ಗೋಡೆಯ ಮೇಲೆ, ಜರೀಗಿಡಗಳ ಚಿತ್ರದ ನಡುವೆ ತಾವು ಬಂದು ನೆಲೆಸಿ ಇಂದಿಗೆ ಹನ್ನೆರಡು ದಿನ. ಸ್ವಾಗತ ಕೋರುವುದು ತಡವಾಯಿತು, ಮನ್ನಿಸಬೇಕು.

ಹೊಗಳಬೇಕಾದುದನ್ನು ಮೊದಲೇ ಹೊಗಳಿಬಿಡುತ್ತೇನೆ. ಸುಣ್ಣ ಉದುರುತ್ತಿದ್ದ ನಮ್ಮ ಮೆಟ್ಟಿಲ ಗೋಡೆಗಳು ಈಗ ಕಾಡಾಗಿವೆ: ಕೆಳಗೆ ತೊರೆ, ಮೊದಲನೇ ಮಹಡಿಯಲ್ಲಿ ಬಿದಿರು, ನಮ್ಮ ಸಂಘದ ಕಾರ್ಯದರ್ಶಿಗಳಿರುವ ನಾಲ್ಕನೆಯದರಲ್ಲಿ ಹದ್ದು. ತಮ್ಮ ಉಂಗುರಗಳನ್ನು ಎಣಿಸಿದೆ, ನಲವತ್ತೊಂದಿವೆ. ಅಂಚಿನಲ್ಲಿ ಪಾಚಿ, ಪಾಚಿಯ ಮೇಲೆ ಒಂದು ಬಸವನಹುಳು. ದಣಿದವರನ್ನು ಕೂರಲು ಕರೆಯುವಂತಿದ್ದೀರಿ. ತೊಂದರೆಯಿರುವುದು ಅಲ್ಲಿಯೇ.

ತಾವು ಬರುವ ಮೊದಲು ಆ ಜಾಗದಲ್ಲೊಂದು ಬೆತ್ತದ ಕುರ್ಚಿಯಿತ್ತು. ಮೂರನೇ ಮಹಡಿಯ ನಮ್ಮತ್ತೆ ದಿನವೂ ನಾಲ್ಕಕ್ಕೆ ಕೆಳಗಿಳಿದು, ನೆಲಮಹಡಿಯ ದರ್ಜಿ ಗೆಳತಿಯ ಪಕ್ಕ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಊರ ಸುದ್ದಿಯನ್ನೆಲ್ಲ ಹೊಲಿದು, ಆರಕ್ಕೆ ಹತ್ತಿ ಬರುವಾಗ ಆ ಕುರ್ಚಿಯಲ್ಲಿ ನೂರು ಎಣಿಸುವಷ್ಟು ಹೊತ್ತು ಕೂರುತ್ತಿದ್ದರು. ಕುರ್ಚಿಯಿದ್ದರೆ ತಾವು ಕಾಣುವುದಿಲ್ಲವೆಂದೂ, ಕಾಡಿನಲ್ಲಿ ಕುರ್ಚಿ ಆಭಾಸವೆಂದೂ ತೀರ್ಮಾನಿಸಿದ ಕಾರ್ಯದರ್ಶಿಗಳು, ಹೀಗೆ ಚಿತ್ರದ ಆಸನಕ್ಕಾಗಿ ನಿಜವಾದ ಆಸನವನ್ನು ಎತ್ತಿಸಿ ನಮ್ಮ ಮನೆಗೆ ಕಳಿಸಿದರು. ಅತ್ತೆ ತಮ್ಮನ್ನು ಕೈಯಿಂದ ಸವರಿ ನೋಡಿ, "ಚೆನ್ನಾಗಿದೆ. ಕೂತ್ಕೋಬೇಕು ಅಂದ್ರೆ ನಾನೂ ಚಿತ್ರ ಆಗ್ಬೇಕು" ಎಂದರು.

ನಿಂತಾದರೂ ಸುಧಾರಿಸಿಕೊಳ್ಳೋಣವೆಂದರೆ, ಎಲೆಗಳ ಮರೆಯಲ್ಲಿ ಕೂರಿಸಿದ ತಮ್ಮ ಮಿತ್ರ ದೀಪವು ಮನುಷ್ಯರು ಅಲುಗಾಡುತ್ತಿರುವವರೆಗೆ ಮಾತ್ರ ಉರಿಯುತ್ತದೆ. ನಮ್ಮ ಮೆಟ್ಟಿಲಿಗೆ ಕಿಟಕಿಯಿಲ್ಲ. ಅತ್ತೆ ನಿಂತರೆ ಕತ್ತಲು, ಕೈ ಬೀಸಿದರೆ ಬೆಳಕು, ಬೀಸಿ ಬೀಸಿ ಮತ್ತೆ ಏದುಸಿರು. ಎರಡು ದಿನ ಹೀಗೆ ಕಾಡಿಗೆ ಟಾಟಾ ಮಾಡಿದ ಮೇಲೆ ಅವರು ಕೆಳಗಿಳಿಯುವುದನ್ನೇ ಬಿಟ್ಟರು. ನಾಲ್ಕಾಗುತ್ತಲೇ ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದು, ಮೆಟ್ಟಿಲನ್ನೊಮ್ಮೆ ನೋಡಿ, ಚಪ್ಪಲಿ ಬಿಚ್ಚುತ್ತಾರೆ.

ಆದ್ದರಿಂದ ನನ್ನ ವಿನಂತಿ ಅತ್ಯಲ್ಪ. ದಿನವೂ ಸಂಜೆ ಆರಕ್ಕೆ, ಐದೇ ನಿಮಿಷ, ತಾವು ಗೋಡೆಯಿಂದ ಒಂದೂವರೆ ಅಡಿ ಹೊರಬರಬೇಕು. ಬಸವನಹುಳು ಇದ್ದಲ್ಲೇ ಇರಲಿ, ಅತ್ತೆ ನೋಡಿಕೊಂಡು ಕೂರುತ್ತಾರೆ. ಉಸಿರಾಡುವುದೂ ಒಂದು ಚಲನೆಯೆಂದು ದೀಪಕ್ಕೆ ತಾವೇ ತಿಳಿಹೇಳಿದರೆ ಇನ್ನೂ ಉಪಕಾರ.

ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಸೊಸೆ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ, ನೀರಿನ ಕ್ಯಾನು ಹೊತ್ತು ಹತ್ತುತ್ತಿದ್ದ ಕಾರ್ಯದರ್ಶಿಗಳು ತಮ್ಮೆದುರು ನಿಂತರು, ನಿಂತಿದ್ದಕ್ಕೆ ದೀಪ ಆರಿತು. "ಇಲ್ಲೊಂದು ಕುರ್ಚಿ ಇತ್ತಲ್ಲ?" ಎಂದು ಕತ್ತಲು ಕೇಳಿತು. "ನಮ್ಮನೇಲಿದೆ, ಬನ್ನಿ. ಇನ್ನು ಹದಿನೆಂಟೇ ಮೆಟ್ಟಿಲು," ಎಂದು ಅತ್ತೆ ಬಾಗಿಲಿನಿಂದಲೇ ಕರೆದರು, "ಕೂತು ಸುಧಾರಿಸ್ಕೊಂಡು, ಆಮೇಲೆ ಅದನ್ನ ಎಲ್ಲಿಂದ ಎತ್ತಿಸಿದ್ರೋ ಅಲ್ಲೇ ಇಟ್ಬಿಡಿ." ನಾಳೆಯಿಂದ ತಾವು ಅಷ್ಟಾಗಿ ಕಾಣಿಸದಿದ್ದರೆ ಬೇಸರಿಸಬಾರದು. ಅಳೆದು ನೋಡಿದ್ದೇನೆ, ಬಸವನಹುಳು ಕಾಣುತ್ತದೆ.